ಗಂಗೋಜಿಯ ಮೊಳೆ

ನಮ್ಮೂರಿನಲ್ಲಿ ಯಾರೂ ಸುಮ್ಮಸುಮ್ಮನೆ ‘ಬರ್ತೀನಿ’ ಅನ್ನುವುದಿಲ್ಲ. ಬೇರೆ ಕಡೆ ಜನ ಅಂಗಡಿಯಿಂದ ಏಳುವಾಗ, ನೆಂಟರ ಮನೆಯ ಹೊಸ್ತಿಲು ದಾಟುವಾಗ, ಬಸ್ಸು ಹತ್ತುವಾಗ ಈ ಮಾತನ್ನು ಬಾಯಿಗೆ ಬಂದ ಹಾಗೆ ಆಡುತ್ತಾರಂತೆ. ನಮ್ಮಲ್ಲಿ ಆಡಿದರೆ ಬರಲೇಬೇಕು, ಬರುತ್ತಾರೆ. ಬಟ್ಟೆ ಅಂಗಡಿಯಲ್ಲಿ ಅರ್ಧ ದಿನ ಸೀರೆ ಕೆದಕಿ ಒಂದನ್ನೂ ಕೊಳ್ಳದೆ ಎದ್ದ ಹೆಂಗಸು ಬೇರೆ ಊರಿನವಳಾದರೆ ‘ಆಮೇಲೆ ಬರ್ತೀನಿ’ ಎಂದು ನುಣುಚಿಕೊಳ್ಳಬಹುದು. ನಮ್ಮೂರಿನವಳು ‘ಒಂದೂ ಹಿಡಿಸಲಿಲ್ಲ’ ಎಂದು ಅಂಗಡಿಯವನ ಮುಖ ನೋಡಿಯೇ ಹೇಳಬೇಕು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆದು, ಮಾತಿಲ್ಲದೆ ಚಪ್ಪಲಿ ಹುಡುಕತೊಡಗಿದರೆ ಹುಡುಗಿಯ ತಾಯಿಗೆ ಅಡುಗೆಮನೆಯೊಳಗೇ ಎಲ್ಲ ತಿಳಿದುಹೋಗುತ್ತದೆ. ನಮ್ಮಮ್ಮನ ಕಾಲದಲ್ಲಿ ಕೊಡೆ ರಿಪೇರಿಯ ಬಾಬಣ್ಣ ಎಂಬವನು ನಮ್ಮ ಜಗಲಿಯಿಂದ ಏಳುವಾಗ ಮೈಮರೆತು ‘ನಾಳೆ ಬರ್ತೀನಿ’ ಅಂದುಬಿಟ್ಟನಂತೆ. ಮನೆ ಮುಟ್ಟುವ ಮೊದಲೇ ತೀರಿಕೊಂಡ. ಮಾರನೆಯ ದಿನ ಅವನ ಕೊಡೆ ಬಂತು. ಬಾಗಿಲಿಗೆ ಒರಗಿ, ಒಂದು ಕಡ್ಡಿ ಮುರಿದುಕೊಂಡು ನಿಂತಿತ್ತು. ಅಮ್ಮ ಅದನ್ನು ಒಳಗೆ ಕರೆದು, ಮಣೆ ಹಾಕಿ, ಒಂದು ಲೋಟ ನೀರಿಟ್ಟು, ಸಂಜೆ ಅವನ ಹೆಂಡತಿಗೆ ಒಪ್ಪಿಸಿ ಬಂದಳು. ಇದರಲ್ಲಿ ಅಂಥ ಅಚ್ಚರಿಯೇನೂ ಯಾರಿಗೂ ಕಾಣಲಿಲ್ಲ. ಪಾಪ, ಮಾತು ಉಳಿಸಿಕೊಂಡ ಅಂದರು.

ಊರಿನ ಪಡುವಣಕ್ಕೆ ಸಮುದ್ರ. ಅದರ ಪಕ್ಕದಲ್ಲಿ ತೋಪಿನ ಗುಡ್ಡ. ಯುದ್ಧದ ಕಾಲದಲ್ಲಿ ಶತ್ರುವಿನ ಹಡಗು ಇದೇ ದಾರಿಯಲ್ಲಿ ಬರುತ್ತದೆಂದು ಯಾರೋ ಲೆಕ್ಕ ಹಾಕಿ, ಗುಡ್ಡದ ನೆತ್ತಿಯಲ್ಲಿ ದಪ್ಪ ಸಿಮೆಂಟಿನ ಬಂಕರುಗಳನ್ನು ಕಟ್ಟಿಸಿ, ಒಂದು ಉದ್ದನೆಯ ತೋಪನ್ನು ಎತ್ತುಗಳಿಂದ ಎಳೆಸಿ ತಂದು ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿದರು. ಕಾವಲಿಗೆ ನಮ್ಮೂರಿನ ಹುಡುಗರನ್ನೇ ಸೇರಿಸಿಕೊಂಡರು. ಹಡಗು ಬರಲೇ ಇಲ್ಲ. ಹುಡುಗರು ಮಧ್ಯಾಹ್ನ ಮನೆಗೆ ಇಳಿದು ಊಟ ಮಾಡಿ ಮತ್ತೆ ಗುಡ್ಡ ಹತ್ತಿ ಯುದ್ಧ ಕಾಯುತ್ತಿದ್ದರಂತೆ. ತೋಪಿನ ಕಟ್ಟೆಯ ಮೇಲೆ ಹೆಂಗಸರು ಹಪ್ಪಳ ಒಣಗಿಸುತ್ತಿದ್ದರಂತೆ. ಆಮೇಲೆ ಒಂದು ದಿನ ಬೇರೆಲ್ಲೋ ಜನ ಕಡಿಮೆಯಾದರೆಂದು ಅಷ್ಟೂ ಹುಡುಗರನ್ನು ಒಂದು ಲಾರಿಗೆ ಹತ್ತಿಸಿಕೊಂಡು ಹೋದರು. ಗುಡ್ಡದ ಮೇಲೆ, ಲಾರಿಯ ಹಿಂದೆ, ತಾಯಂದಿರೂ ಹೆಂಡಂದಿರೂ ನಿಂತಿದ್ದರು. ಒಬ್ಬೊಬ್ಬನೂ ‘ಬರ್ತೀನಿ’ ಅಂದ.

ಬಂದರು. ಯಾರೂ ಕಾಲಿನ ಮೇಲೆ ನಡೆದು ಬರಲಿಲ್ಲ, ಅಷ್ಟೇ. ಮೊದಲು ಬಂದವರು ಕುಂಬಾರ ಕೇರಿಯ ಮರಿಯಪ್ಪ. ತಳ ಸೀದ ತಗಡಿನ ಲೋಟವಾಗಿ ಬಂದು ನೀರೊಲೆಯ ಮೇಲೆ ಕೂತಿದ್ದರು. ಇನ್ನೊಬ್ಬರು ಬೆಲ್ಟಿನ ಬಿಲ್ಲೆಯಾಗಿ ಬಂದರು. ಒಬ್ಬರು ಊದಲು ಬಾರದ ಬಿಗಿಲಾಗಿ ಬಂದರು. ಶಾನುಭೋಗರ ತಮ್ಮ ಬರೀ ಕೆಮ್ಮಾಗಿ ಬಂದ. ಹೊತ್ತು ಇಳಿಯುವಾಗ ಜಗಲಿಯ ಮೂಲೆಯಿಂದ ಎರಡು ಸಲ ಕೆಮ್ಮು ಕೇಳುತ್ತಿತ್ತು, ಅವನ ತಾಯಿ ಇರುವವರೆಗೆ ಅಲ್ಲಿ ಕಷಾಯ ಇಡುತ್ತಿದ್ದಳು. ಮನೆಯವರೆಲ್ಲ ಹಳಬರಾಗಿ, ಲೋಟ ಯಾವುದು ಮರಿಯಪ್ಪ ಯಾವುದು ಎಂದು ಸೊಸೆಯಂದಿರಿಗೆ ಗೊತ್ತಾಗದೆ ಕಾಫಿ ಕುಡಿಯುವ ಕಾಲ ಬಂದಾಗ, ಊರಿನ ಪಂಚರು ಸೇರಿ ಅವರೆಲ್ಲರನ್ನೂ ಗುಡ್ಡದ ದೊಡ್ಡ ಬಂಕರಿನಲ್ಲಿ ಇಡಿಸಿದರು. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಸೈನಿಕ ವಸ್ತು ಸಂಗ್ರಹಾಲಯ’ ಎಂದಿದೆ. ನಾವು ‘ಬಂದವರ ಮನೆ’ ಅನ್ನುತ್ತೇವೆ.

ಆ ಲಾರಿ ಹತ್ತಿದವರಲ್ಲಿ ಒಬ್ಬರು ಮಾತ್ರ ಏನಾಗಿಯೂ ಬರಲಿಲ್ಲ. ಅವರು ಬಡಿಗ ಗಂಗೋಜಿ, ನನ್ನ ಸಣ್ಣಜ್ಜಿಯ ಗಂಡ. ಸಣ್ಣಜ್ಜಿ ಎಂದರೆ ನನ್ನ ಅಜ್ಜಿಯ ತಂಗಿ, ದೇವಮ್ಮ. ಬಂದವರ ಮನೆಯ ಗೋಡೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಮೊಳೆ ಹೊಡೆದು ಹೆಸರು ಬರೆದಾಗ ಗಂಗೋಜಿಗೂ ಒಂದು ಹೊಡೆದಿದ್ದರು. ಅದು ಖಾಲಿ ಉಳಿಯಿತು. ಅದನ್ನು ನೋಡಿ ಜನ ಲೆಕ್ಕ ಹಾಕಿದರು: ಬರ್ತೀನಿ ಅಂದವರೆಲ್ಲ ಬಂದರು, ಇವನು ಬರಲಿಲ್ಲ, ಹಾಗಾದರೆ ಇವನು ‘ಹೋಗ್ತೀನಿ’ ಅಂದಿರಬೇಕು. ನಮ್ಮೂರಿನಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ಬಾವಿಕಟ್ಟೆಯಲ್ಲಿ ಕೊಡ ತಾಗಿ ಜಗಳವಾದರೆ ಸಾಕು, ‘ಹೋಗ್ತೀನಿ ಅಂದವನ ಹೆಂಡ್ತಿ’ ಎಂಬ ಮಾತು ಬಂದೇ ಬರುತ್ತಿತ್ತು. ಸಣ್ಣಜ್ಜಿ ಕೊಡ ಎತ್ತಿಕೊಂಡು ಬರುತ್ತಿದ್ದಳೇ ಹೊರತು ಅವರು ಹಾಗೆ ಅನ್ನಲಿಲ್ಲ ಎಂದಾಗಲಿ, ಅಂದರು ಎಂದಾಗಲಿ ಒಮ್ಮೆಯೂ ಹೇಳಲಿಲ್ಲ. ಕೈಯ ಹಸಿರು ಗಾಜಿನ ಬಳೆಗಳನ್ನು ಮಾತ್ರ ತೆಗೆಯಲಿಲ್ಲ. ಒಡೆದರೆ ಅದೇ ಬಣ್ಣದ್ದನ್ನು ಮತ್ತೆ ತೊಡುತ್ತಿದ್ದಳು.

ನಾನು ಆರನೆಯ ತರಗತಿಗೇ ಶಾಲೆ ಬಿಟ್ಟವಳು. ಬಿಟ್ಟೆ ಎಂದು ಹೇಳುವುದೂ ಸರಿಯಲ್ಲ. ಮೇಷ್ಟರು ‘ಈಶ್ವರಿ’ ಎಂದು ಹಾಜರಿ ಕೂಗಿದರೆ ನನಗೆ ಗಂಟಲಿನಿಂದ ಸ್ವರವೇ ಏಳುತ್ತಿರಲಿಲ್ಲ. ಕೈ ಎತ್ತುತ್ತಿದ್ದೆ. ಅವರು ತಲೆ ಬಗ್ಗಿಸಿಕೊಂಡು ಗುರುತು ಹಾಕುವವರು, ಕೈ ಕಾಣುತ್ತಿರಲಿಲ್ಲ. ಹೀಗೆ ದಿನವೂ ಹೋಗಿ ಕೂತು, ವರ್ಷವಿಡೀ ಗೈರುಹಾಜರಾದೆ. ಕೊನೆಗೆ ಹೆಸರು ಹೊಡೆದುಹಾಕಿದರು. ಹೊರಟಾಗ ‘ಬರ್ತೀನಿ ಸಾರ್’ ಅಂದಿದ್ದರೆ ಮತ್ತೆ ಹೇಗಾದರೂ ಹೋಗಲೇಬೇಕಾಗುತ್ತಿತ್ತು. ಅದೂ ಬಾಯಿಂದ ಬರಲಿಲ್ಲ. ಆಮೇಲೆ ಮನೆಯಲ್ಲಿ ಸಣ್ಣಜ್ಜಿಯ ಜೊತೆ ಬತ್ತಿ ಹೊಸೆದುಕೊಂಡು, ಅಕ್ಕಿ ಆರಿಸಿಕೊಂಡು ಬೆಳೆದೆ. ಮಾತು ಬಾರದವರಿಗೆ ಕಣ್ಣು ಹೆಚ್ಚು ಕೆಲಸ ಮಾಡುತ್ತದೆ. ನಾನು ಗಮನಿಸಿದ್ದೇನೆಂದರೆ, ಸಣ್ಣಜ್ಜಿ ನನ್ನನ್ನು ‘ಬಾ’ ಎಂದು ಕರೆಯುತ್ತಿದ್ದಳು, ಬೆಕ್ಕನ್ನು ‘ಬಾ’ ಎಂದು ಕರೆಯುತ್ತಿದ್ದಳು, ಆದರೆ ಯಾರನ್ನೂ ‘ಬನ್ನಿ’ ಎಂದು ಕರೆಯುತ್ತಿರಲಿಲ್ಲ. ಮನೆಗೆ ಹಿರಿಯರು ಬಂದರೆ ‘ಚಾಪೆ ಹಾಸಿದೆ’ ಅನ್ನುವಳು. ಪುರೋಹಿತರು ಬಂದರೆ ‘ಕಾಲಿಗೆ ನೀರು ಇಟ್ಟಿದೆ’ ಅನ್ನುವಳು. ನನ್ನ ಅಕ್ಕನ ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳಲು ನಿಲ್ಲಿಸಿದರೆ, ಕೈ ಮುಗಿದು ‘ದಾರಿ ಹೀಗಿದೆ’ ಅಂದುಬಿಟ್ಟಳು. ಬೀಗರು ವರ್ಷಗಟ್ಟಲೆ ಆಡಿಕೊಂಡರು. ದೊಡ್ಡವರೆಲ್ಲ ಅದನ್ನು ಸೊಕ್ಕು ಅಂದರು. ನನಗೆ ಹಾಗೆ ಕಾಣಲಿಲ್ಲ. ಹಬ್ಬಕ್ಕೆಂದು ಡಬ್ಬದಲ್ಲಿ ತೆಗೆದಿಟ್ಟ ತುಪ್ಪವನ್ನು ಮಕ್ಕಳು ಕೇಳಿದಾಗ ತಾಯಿ ಡಬ್ಬದ ಕಡೆ ನೋಡದೆಯೇ ಇಲ್ಲ ಅನ್ನುತ್ತಾಳಲ್ಲ, ಹಾಗಿತ್ತು ಅವಳ ಮುಖ.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಸಾವಂತ್ರಮ್ಮನವರ ಅಣ್ಣ ಮಂಚವಾಗಿ ಬಂದರು. ಅವರು ಮೊದಲೇ ಒಂದು ಬೂಟಾಗಿ ಬಂದಿದ್ದರು. ಮಿಕ್ಕಿದ್ದು ಈಗ ಬಂತು. ಮಡಚುವ ಕಬ್ಬಿಣದ ಮಂಚ, ಮಿಲಿಟರಿಯದು, ಹೊಳೆಯಲ್ಲಿ ತೇಲಿಕೊಂಡು ಬಂದು ಅವರ ಹಿತ್ತಲಿನ ಮೆಟ್ಟಿಲಿಗೆ ತಾಗಿತು. ಸಾವಂತ್ರಮ್ಮ ನಮ್ಮ ಬೀದಿಯ ಕೊನೆಯ ಮನೆಯವರು, ಪಂಚರಲ್ಲಿ ಒಬ್ಬರ ಹೆಂಡತಿ, ಮಾತಿಗೆ ಸಿಕ್ಕಿದರೆ ಬಿಡುವವರಲ್ಲ. ಅವರು ಒಂದು ಸಂಜೆ ನಮ್ಮ ಜಗಲಿಗೆ ಬಂದರು. ಸಣ್ಣಜ್ಜಿ ಎಂದಿನಂತೆ ಚಾಪೆ ಹಾಸಿದೆ ಅಂದಳು. ಅವರು ಕೂತು, ಎಲೆಗೆ ಸುಣ್ಣ ಹಚ್ಚುತ್ತ, ಬಂದವರ ಮನೆಯಲ್ಲಿ ಮಂಚಕ್ಕೆ ಜಾಗವಿಲ್ಲ, ಇರುವುದು ಗಂಗೋಜಿಯ ಮೊಳೆಯ ಕೆಳಗಿನ ಗೋಡೆ ಒಂದೇ, ಅದಕ್ಕೆ ಮೊಳೆ ಕಿತ್ತು ಹೆಸರು ಅಳಿಸಿ ಅಲ್ಲಿ ಮಂಚ ಹಾಕುವುದೆಂದು ಪಂಚರು ತೀರ್ಮಾನ ಮಾಡಿದ್ದಾರೆ, ಭಾನುವಾರ ಕೆಲಸ ಎಂದು ತಿಳಿಸಿದರು. “ಬೇಜಾರು ಮಾಡ್ಕೋಬೇಡ ದೇವಮ್ಮ. ಬಂದವರಿಗೇ ಜಾಗ ಇಲ್ಲ. ಬರದೇ ಇರೋರಿಗೆ ಮೊಳೆ ಯಾಕೆ ಹೇಳು?”

ಸಣ್ಣಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ನಿಮ್ಮಣ್ಣ ಮೊದಲಿಂದ್ಲೂ ಹಾಗೇ,” ಅಂದಳು, “ಕೂರೋಕೆ ಜಾಗ ಕೊಟ್ರೆ ಮಲಗೋಕೆ ಕೇಳೋರು.”

ಸಾವಂತ್ರಮ್ಮನಿಗೆ ನಗು ಬಂತೋ ಸಿಟ್ಟು ಬಂತೋ, ಎಲೆ ಬಾಯಿಗೆ ಹಾಕಿಕೊಂಡು ಎದ್ದರು. ಅವರು ಬೀದಿ ತಿರುಗುವವರೆಗೆ ಸಣ್ಣಜ್ಜಿ ನೋಡುತ್ತಿದ್ದಳು. ಆಮೇಲೆ ಅವಳ ಬೆರಳುಗಳು ಸುಮ್ಮನಾದವು. ನಾಳೆ ಬೆಳಿಗ್ಗೆ ತನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋಗು ಎಂದು ನನಗೆ ಹೇಳಿದಳು. ಲಾರಿ ಹೋದ ದಿನದಿಂದ ಅವಳು ಆ ಗುಡ್ಡ ಹತ್ತಿರಲಿಲ್ಲ. ಬೇರೆ ಹೆಂಗಸರು ಹಬ್ಬಕ್ಕೆ ಹೋಗಿ ತಮ್ಮ ತಮ್ಮ ಲೋಟಕ್ಕೆ, ಬಿಲ್ಲೆಗೆ ಕುಂಕುಮ ಇಟ್ಟು ಬರುವಾಗ ಇವಳು ಮನೆಯಲ್ಲೇ ಉಳಿಯುತ್ತಿದ್ದಳು.

ಬೆಳಿಗ್ಗೆ ಹೊರಟೆವು. ಗುಡ್ಡದ ದಾರಿ ಕಡಿದಲ್ಲ, ಆದರೆ ಅವಳು ತಂಗಾಳಿ ಬಂದಲ್ಲೆಲ್ಲ ನಿಲ್ಲುತ್ತಿದ್ದಳು. ಇಲ್ಲಿ ಒಂದು ನೇರಳೆ ಮರ ಇತ್ತು, ಅದರ ಕೆಳಗೆ ಹುಡುಗರು ಬಂದೂಕು ಒರಗಿಸಿ ಹಣ್ಣು ಆರಿಸುತ್ತಿದ್ದರು, ನಾಲಿಗೆಯ ಬಣ್ಣ ನೋಡಿ ಸಾಹೇಬ ಬೈಯುತ್ತಿದ್ದ ಎಂದಳು. ಇಲ್ಲಿ ನಾನು ಬುತ್ತಿ ಹಿಡಿದು ನಿಲ್ಲುತ್ತಿದ್ದೆ, ಅವರು ಮೇಲಿಂದ ಇಳಿದು ಬರುವವರು, ಜೊತೆಗೆ ಅತ್ತೆ ಇದ್ದರೆ ಬುತ್ತಿಯನ್ನು ಕಲ್ಲಿನ ಮೇಲೆ ಇಟ್ಟು ದೂರ ಸರಿಯಬೇಕಿತ್ತು ಎಂದಳು. ನಾನು ಹುಟ್ಟಿದಾಗಿನಿಂದ ಕೇಳಿರದಷ್ಟು ಮಾತನ್ನು ಆ ಒಂದು ಏರಿನಲ್ಲಿ ಕೇಳಿದೆ. ಮರವೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಅವಳು ತೋರಿಸಿದ ಕಡೆಯೆಲ್ಲ ನನಗೆ ಬರೀ ಲಂಟಾನದ ಪೊದೆ ಕಾಣುತ್ತಿತ್ತು. ಆದರೂ ಆ ಹುಡುಗರ ನೇರಳೆ ನಾಲಿಗೆಗಳನ್ನು ನಾನು ನೋಡಿದ್ದೇನೆ ಎಂದು ಈಗಲೂ ಅನ್ನಿಸುತ್ತದೆ.

ಬಂದವರ ಮನೆಯನ್ನು ನೋಡಿಕೊಳ್ಳುವವರು ಸುಬೇದಾರ್ ಅಚ್ಚಯ್ಯನವರು. ಬೇರೆ ಊರಿನವರು. ಹುಟ್ಟೂರಿನಲ್ಲಿ ‘ಬರ್ತೀನಿ’ ಎಂದು ಹೇಳಿ ಬಂದಿದ್ದಾರಂತೆ. ಆ ಊರಿನಲ್ಲಿ ಈ ಕಟ್ಟುಪಾಡಿಲ್ಲದ ಕಾರಣ ಇಲ್ಲೇ ನಿಶ್ಚಿಂತೆಯಾಗಿ ಇದ್ದಾರೆ. ಅವರು ಸಣ್ಣಜ್ಜಿಯನ್ನು ಕಂಡು ಎದ್ದು ನಿಂತರು. ಟಿಕೆಟ್ಟಿನ ಮಾತೆತ್ತದೆ ಬಾಗಿಲು ಪೂರ್ತಿ ತೆರೆದರು. ಒಳಗೆ ತಂಪು, ಸುಣ್ಣದ ವಾಸನೆ, ಬಾವಲಿಯ ವಾಸನೆ. ಸಮುದ್ರದ ಕಡೆಯ ಗೋಡೆಯಲ್ಲಿ ಬಂದೂಕಿಗೆಂದು ಬಿಟ್ಟ ಅಡ್ಡ ಕಂಡಿಯಿಂದ ಬಿಸಿಲು ಒಂದು ಪಟ್ಟಿಯಾಗಿ ಬಿದ್ದು, ಸಾಲಾಗಿ ತೂಗಿದ ಲೋಟ, ಬೆಲ್ಟು, ಬಿಗಿಲುಗಳ ಮೇಲೆ ಹಾದುಹೋಗಿತ್ತು. ಸಣ್ಣಜ್ಜಿ ಒಬ್ಬೊಬ್ಬರ ಮುಂದೆಯೂ ನಿಂತಳು. ಮರಿಯಪ್ಪನ ಲೋಟದ ಮುಂದೆ, ಇವನು ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದು ಲೋಟ ತೊಳೆಯದೆ ಇಟ್ಟುಹೋಗುತ್ತಿದ್ದ, ಈಗ ಅದೇ ಆಗಿ ಕೂತಿದ್ದಾನೆ ಅಂದಳು. ಕೆಮ್ಮಿಗೆಂದು ಒಂದು ಖಾಲಿ ಗಾಜಿನ ಪೆಟ್ಟಿಗೆ ಮಾಡಿಸಿದ್ದಾರೆ. ಅದರ ಮುಂದೆ ತುಸು ಹೊತ್ತು ಕಾದಳು. ಅದು ಆಗ ಕೆಮ್ಮಲಿಲ್ಲ. ಆಮೇಲೆ ಖಾಲಿ ಮೊಳೆಯ ಹತ್ತಿರ ಬಂದು, ಹೆಸರಿನ ಅಕ್ಷರಗಳನ್ನು ನೋಡಿ, ಓದಲು ಬಾರದಿದ್ದರೂ, ಇದೇ ಅಲ್ಲವೇ ಎಂದು ನನ್ನನ್ನು ಕೇಳಿದಳು. ಹೌದು ಎಂದು ತಲೆಯಾಡಿಸಿದೆ. ಮೊಳೆಗೆ ತುಕ್ಕು ಹಿಡಿದಿತ್ತು. ಅವಳು ಸೆರಗಿನಿಂದ ಅದನ್ನು ಒರೆಸಿದಳು.

ಪಕ್ಕದ ಗೋಡೆಯಲ್ಲಿ ಒಂದು ಫೋಟೋ ಇತ್ತು. ಲಾರಿ ಬರುವ ಮುಂಚೆ ಎಲ್ಲರನ್ನೂ ತೋಪಿನ ಮುಂದೆ ನಿಲ್ಲಿಸಿ ತೆಗೆದದ್ದು. ಸಣ್ಣಜ್ಜಿಯ ಬಳಿ ಗಂಡನ ಚಿತ್ರ ಒಂದೂ ಇರಲಿಲ್ಲ. ಅವಳು ಗಾಜಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಹುಡುಕಿದಳು. ಒಂದು ಸಲ ಮುಗಿಸಿ ಮತ್ತೆ ಮೊದಲಿಂದ ಶುರು ಮಾಡಿದಳು. ಕೊನೆಗೆ ಬೆರಳು ತೆಗೆದು, “ಇದರಲ್ಲಿ ಅವರಿಲ್ಲ ಮಗಾ. ಇವರೆಲ್ಲ ಚಿಕ್ಕ ಹುಡುಗರು” ಅಂದಳು.

ನನಗೆ ಆಗ ತಿಳಿಯಿತು. ಅವಳು ತನ್ನ ಜೊತೆ ಅವರಿಗೂ ವಯಸ್ಸಾಗಿಸುತ್ತ ಬಂದಿದ್ದಳು. ತನ್ನ ಕೂದಲು ನರೆತಾಗ ಅವರದೂ ನರೆಸಿದ್ದಳು, ತನ್ನ ಬೆನ್ನು ಬಾಗಿದಾಗ ಅವರ ಬೆನ್ನನ್ನೂ ತುಸು ಬಗ್ಗಿಸಿದ್ದಳು. ಈಗ ಆ ಫೋಟೋದಲ್ಲಿ ಒಬ್ಬ ಮುದುಕನನ್ನು ಹುಡುಕುತ್ತಿದ್ದಳು. ನಾನು ನೋಡಿದೆ. ಎರಡನೆಯ ಸಾಲಿನ ಕೊನೆಯಲ್ಲಿ ಒಬ್ಬ ಸಣಕಲು ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಎಲ್ಲರಂತೆ ಟೋಪಿ, ಎಲ್ಲರಂತೆ ಗುಂಡಿ. ಆದರೆ ಬಲಗಿವಿಯ ಮೇಲೆ, ಟೋಪಿಯ ಅಂಚಿನ ಕೆಳಗೆ, ಒಂದು ಪೆನ್ಸಿಲ್ಲು ಸಿಕ್ಕಿಸಿಕೊಂಡಿದ್ದ, ಮರಕ್ಕೆ ಗೆರೆ ಎಳೆಯುವ ಬಡಿಗರು ಸಿಕ್ಕಿಸಿಕೊಳ್ಳುವ ಹಾಗೆ. ನಾನು ಅದನ್ನು ಬೆರಳಿನಿಂದ ತೋರಿಸಿದೆ.

ಸಣ್ಣಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತಳು. “ಇಷ್ಟೇನಾ ಇದ್ರು?” ಅಂದಳು. ತನ್ನನ್ನೇ ಕೇಳಿಕೊಂಡ ಹಾಗಿತ್ತು.

ಅಲ್ಲಿ ಕೂತು ಅವಳು ಹೇಳಿದ್ದನ್ನು ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲ. ಅವಳ ಗಂಡನ ಮನೆಯ ಗಂಡಸರು ಹೇಳಿ ಹೋಗುವವರಲ್ಲ, ಕೇಳಿ ಹೋಗುವವರು. ಮರಕ್ಕೆ ಉಳಿ ಇಡುವಾಗಲೂ ಒಮ್ಮೆ ಕೇಳಿಯೇ ಇಡುವ ಜನ. ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನುತ್ತಿರಲಿಲ್ಲ, ‘ಬರ್ಲಾ?’ ಅನ್ನುತ್ತಿದ್ದರು. ಮನೆಯವರು ‘ಹೂಂ, ಬನ್ನಿ’ ಅಂದ ಮೇಲೆಯೇ ಹೊಸ್ತಿಲು ದಾಟುವುದು. ಆದರೆ ಹೊಸ ಸೊಸೆ ಹಿರಿಯರ ಎದುರು ಗಂಡನ ಜೊತೆ ಮಾತಾಡುವಂತಿಲ್ಲ. ಅದಕ್ಕೆ ಬಳೆ ಇತ್ತು. ಒಂದು ಸಲ ಸದ್ದು ಮಾಡಿದರೆ ಹೂಂ. ಎರಡು ಸಲ ಮಾಡಿದರೆ ಬೇಡ. ಲಾರಿ ಹೊರಡುವ ದಿನ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಬೇರೆ ಹುಡುಗರೆಲ್ಲ ಬರ್ತೀನಿ ಬರ್ತೀನಿ ಎಂದು ಕೂಗುತ್ತಿರುವಾಗ ಗಂಗೋಜಿ ಲಾರಿಯ ಹಲಗೆ ಹಿಡಿದು ಬಗ್ಗಿ ಇವಳನ್ನು ನೋಡಿ ‘ಬರ್ಲಾ?’ ಅಂದರು. ಇವಳು ಬಳೆ ಆಡಿಸಿದಳು. ಲಾರಿಯ ಸದ್ದಿಗೆ ಅವರಿಗೆ ಕೇಳಲಿಲ್ಲ. ಅವರು ಕಿವಿಗೆ ಕೈ ಇಟ್ಟರು. ಇವಳು ಗಾಬರಿಯಿಂದ ಇನ್ನೊಂದು ಸಲ, ಇನ್ನೂ ಜೋರಾಗಿ ಆಡಿಸಿದಳು. ಅಷ್ಟರಲ್ಲಿ ಲಾರಿ ಹೊರಟಿತು.

“ಎರಡು ಸಲ ಆಯ್ತಲ್ಲ ಮಗಾ,” ಅಂದಳು ಸಣ್ಣಜ್ಜಿ. “ಮೊದಲನೇದು ಕೇಳಿಸಿತ್ತೋ ಇಲ್ವೋ. ಕೇಳಿಸಿದ್ರೆ ನಾನು ಬೇಡ ಅಂದ ಹಾಗಾಯ್ತು. ನಾನೇ ಬೇಡ ಅಂದ ಮೇಲೆ ಅವರು ಹೇಗೆ ಬರ್ತಾರೆ?”

ಆವತ್ತಿನಿಂದ ಅವಳು ‘ಬನ್ನಿ’ ಎಂಬ ಮಾತನ್ನು ತೆಗೆದಿಟ್ಟಳು. ಮೊದಲು ಅವರಿಗೆ, ಆಮೇಲೆ ಊರಿಗೆ ಎಂದು. ಹಾಗಾದರೆ ಯಾವತ್ತೋ ಬಂದು ಇಲ್ಲಿ ನಿಂತು ಹೇಳಬಹುದಿತ್ತಲ್ಲ ಎಂದು ನಾನು ಕೇಳಲಿಲ್ಲ. ಆದರೆ ನನ್ನ ಮುಖದಲ್ಲಿ ಅದನ್ನು ಓದಿಕೊಂಡಳು. ಹೇಳಿದ ಮೇಲೂ ಬರದಿದ್ದರೆ ಎಂದಳು. ಉತ್ತರ ಕೊಡದಿರುವವರೆಗೆ ಅವರು ಅಲ್ಲೆಲ್ಲೋ ಕಿವಿಗೆ ಕೈ ಇಟ್ಟುಕೊಂಡು ನಿಂತಿರುತ್ತಾರೆ. ಕೊಟ್ಟುಬಿಟ್ಟರೆ, ಆಮೇಲೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಈಗ ಮೊಳೆಯನ್ನೇ ಕೀಳುತ್ತಾರೆಂದ ಮೇಲೆ ಇನ್ನು ಇಟ್ಟುಕೊಂಡು ಮಾಡುವುದೇನು?

ಬಂಕರಿನ ಹೊರಗೆ ತಗಡಿನ ಚಪ್ಪರದ ಕೆಳಗೆ ಆ ಲಾರಿ ಇದೆ, ಯುದ್ಧ ಮುಗಿದ ಮೇಲೆ ತಂದು ಅಂದು ಹೊರಟ ಜಾಗದಲ್ಲೇ ನಿಲ್ಲಿಸಿದ್ದು. ಚಕ್ರವಿಲ್ಲ, ಕಲ್ಲುಗಳ ಮೇಲೆ ಕೂತಿದೆ, ಒಳಗೆ ಸುಬೇದಾರರ ಕೋಳಿಗಳು ಮೊಟ್ಟೆ ಇಡುತ್ತವೆ. ಸಣ್ಣಜ್ಜಿ ಅದರ ಹಿಂದೆ ಹೋಗಿ, ಎಡಕ್ಕೆ ಎರಡು ಹೆಜ್ಜೆ ಸರಿದು, ಅತ್ತೆ ನಿಂತಿದ್ದ ಜಾಗವನ್ನು ಬಿಟ್ಟು, ತನ್ನ ಜಾಗದಲ್ಲಿ ನಿಂತಳು. ಬಾಯಿ ತೆರೆದಳು. ಸ್ವರ ಬರಲಿಲ್ಲ. ಮತ್ತೆ ತೆರೆದಳು. ಅವಳ ಕೈ ತಾನಾಗಿ ಮೇಲೆದ್ದು ಬಳೆ ಆಡಿಸಲು ಹೋಯಿತು. ಅವಳೇ ಇನ್ನೊಂದು ಕೈಯಿಂದ ಅದನ್ನು ಹಿಡಿದು ಕೆಳಗಿಳಿಸಿದಳು. ಸುಬೇದಾರರು ಬಾಗಿಲಲ್ಲಿ ನಿಂತಿದ್ದರು. ಮೊಳೆ ಕೀಳಲು ತಂದಿಟ್ಟಿದ್ದ ಇಕ್ಕಳ ಅವರ ಜೇಬಿನಿಂದ ತಲೆ ಹಾಕಿತ್ತು.

“ಆಗ್ತಿಲ್ಲ ಮಗಾ,” ಅಂದಳು ಸಣ್ಣಜ್ಜಿ. “ಯಾರೂ ಕೇಳದೆ ನಾನು ಯಾರಿಗೆ ಹೇಳ್ಲಿ?”

ಗಂಟಲಿನಲ್ಲಿ ಮಾತು ಸಿಕ್ಕಿಕೊಳ್ಳುವುದು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಷ್ಟರ ಮುಂದೆ ಕೈ ಎತ್ತಿ ನಿಂತ ಆ ಒಂದು ವರ್ಷವೆಲ್ಲ ನನ್ನ ಮೈಗೆ ಬಂದ ಹಾಗಾಯಿತು. ನಾನು ಲಾರಿಯ ಹಿಂದಿನ ಹಲಗೆ ಹಿಡಿದು ಮೇಲೆ ಹತ್ತಿದೆ. ಕೋಳಿಗಳು ಗಲಾಟೆ ಮಾಡುತ್ತ ಹಾರಿದವು. ಬಗ್ಗಿ ಅವಳನ್ನು ನೋಡಿ ‘ಬರ್ಲಾ’ ಅಂದೆ. ಅದು ನನಗೇ ಕೇಳಲಿಲ್ಲ. ಸಣ್ಣಜ್ಜಿ ತಲೆಯೆತ್ತಿದಳು. ಕಿವಿಗೆ ಕೈ ಇಟ್ಟಳು.

“ಬರ್ಲಾ?”

ಆ ಸ್ವರ ನನ್ನದೆಂದು ಈಗಲೂ ನಂಬಿಕೆಯಿಲ್ಲ. ತೋಪಿನ ಬಾಯಲ್ಲಿ ಗೂಡು ಕಟ್ಟಿದ್ದ ಕಾಗೆ ಎದ್ದು ಹಾರಿತು. ಸಣ್ಣಜ್ಜಿ ನೆಟ್ಟಗೆ ನಿಂತಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಇಷ್ಟು ವರ್ಷ ತೆಗೆದಿಟ್ಟ ಮಾತಿಗೆ ತುಟಿ ಜೋಡಿಸಿದಳು. ಆಗ ಅವಳ ಕಣ್ಣು ನನ್ನನ್ನು ದಾಟಿ ಹಿಂದಕ್ಕೆ ಹೋಯಿತು. ಅಲ್ಲಿ ಅವಳಿಗೆ ಆ ಸಣಕಲು ಹುಡುಗ ಕಂಡಿರಬೇಕು, ಮೊಮ್ಮಗನ ವಯಸ್ಸಿನವನು, ಕಿವಿಯಲ್ಲಿ ಪೆನ್ಸಿಲ್ಲು. ಅವಳ ಮುಖದ ಸುಕ್ಕುಗಳೆಲ್ಲ ಒಮ್ಮೆಲೇ ಅಲ್ಲಾಡಿದವು. ನಕ್ಕುಬಿಟ್ಟಳು.

“ಬಾರೋ,” ಅಂದಳು. “ಬಾರೋ ಪುಣ್ಯಾತ್ಮ. ಬೇಡ ಅಂದೋರ್ಯಾರು ನಿಂಗೆ?”

ಗಾಳಿ ಬೀಸಿತು. ಮತ್ತೇನೂ ಆಗಲಿಲ್ಲ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಶಾನುಭೋಗರ ತಮ್ಮ ಎರಡು ಸಲ ಕೆಮ್ಮಿದ. ನಾವು ಕಾದೆವು. ಬಿಸಿಲು ಏರಿತು. ಸುಬೇದಾರರು ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟರು. ಅವಳು ಕುಡಿಯುವುದನ್ನೇ ನೋಡುತ್ತಿದ್ದು, ಇಕ್ಕಳವನ್ನು ಜೇಬಿನೊಳಕ್ಕೆ ಪೂರ್ತಿ ತಳ್ಳಿದರು. ಆ ಮಂಚವನ್ನು ಮಡಚಿ ಗೋಡೆಗೆ ನಿಲ್ಲಿಸಿದರಾಯಿತು, ಮೊಳೆಗೆ ಏನೂ ಅಡ್ಡಿಯಾಗುವುದಿಲ್ಲ ಅಂದರು. “ಸಿಪಾಯಿ ತಾನೇ. ನಿಂತ್ಕೊಂಡ್ರೆ ಏನಾಗುತ್ತೆ?” ಸಾವಂತ್ರಮ್ಮ ಈ ಮಾತಿಗೆ ಒಂದು ವಾರ ಜಗಳವಾಡಿದರು. ಆಮೇಲೆ, ಅಪ್ಪ ಅಮ್ಮನ ಕೈಯಲ್ಲಿ ಆಗದ್ದು ಸುಬೇದಾರರ ಕೈಯಲ್ಲಿ ಆಯಿತು, ಅಣ್ಣ ಕೊನೆಗೂ ಎದ್ದು ನಿಂತ ಎಂದು ತಾವೇ ಹೇಳಿಕೊಂಡು ನಗತೊಡಗಿದರು.

ಅಂದು ಗುಡ್ಡ ಇಳಿದೆವು. ಮನೆ ತಲುಪಿ ಜಗಲಿಯಲ್ಲಿ ಕೂತಾಗ ಸೊಪ್ಪಿನ ಬುಟ್ಟಿ ಹೊತ್ತ ಮುದುಕ ಬೀದಿಯಲ್ಲಿ ಹೋಗುತ್ತಿದ್ದ. “ಬನ್ನಿ,” ಅಂದಳು ಸಣ್ಣಜ್ಜಿ, “ಬಿಸಿಲು, ಒಳಗೆ ಬನ್ನಿ.” ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಗಂಗೋಜಿಗೆಂದು ತೆಗೆದಿಟ್ಟಿದ್ದ ‘ಬನ್ನಿ’ ಅವರಿಗೆ ಬೇಕಾಗಲಿಲ್ಲವಲ್ಲ, ‘ಬಾರೋ’ ಸಾಕಾಯಿತು. ಅಷ್ಟೂ ಹಾಗೇ ಉಳಿದಿತ್ತು. ಅವಳು ಅದನ್ನು ಧಾರಾಳವಾಗಿ ಖರ್ಚು ಮಾಡಿದಳು. ಅಂಚೆಯವನಿಗೆ ಬನ್ನಿ, ಸಾವಂತ್ರಮ್ಮನಿಗೆ ಬನ್ನಿ, ಬೀಗರಿಗೆ ಎರಡೆರಡು ಸಲ ಬನ್ನಿ. ಬೀಗರು ಇವಳಿಗೆ ಏನೋ ಆಗಿದೆ ಎಂದು ಹೆದರಿದರು.

ಮಳೆ ಮತ್ತೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವಳು ಊಟ ಮಾಡಿ ಒರಗಿದ್ದಳು. ನಾನು ಪಡಸಾಲೆಯಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದೆ. ಎದ್ದವಳು, ಈಶ್ವರೀ, ನನ್ನ ಕಿವಿಯ ಹತ್ತಿರ ಏನೋ ಚುಚ್ಚುತ್ತಿದೆ, ನೋಡು ಎಂದು ಕರೆದಳು. ಬಿಳಿ ಕೂದಲಿನೊಳಗೆ, ಬಲಗಿವಿಯ ಮೇಲೆ, ಒಂದು ಮೋಟು ಪೆನ್ಸಿಲ್ಲು ಸಿಕ್ಕಿಕೊಂಡಿತ್ತು. ಕೆಂಪು ಬಣ್ಣ, ಚಪ್ಪಟೆ, ಉಳಿಯಿಂದ ಕೆತ್ತಿದ ಮೊನೆ. ಹಿಂದಿನ ತುದಿಯಲ್ಲಿ ಹಲ್ಲು ಕಚ್ಚಿದ ಗುರುತು. ನಾನು ಅದನ್ನು ಅವಳ ಅಂಗೈಯಲ್ಲಿ ಇಟ್ಟೆ. ಅವಳು ಕಚ್ಚಿದ ಗುರುತಿನ ಮೇಲೆ ಹೆಬ್ಬೆರಳು ಆಡಿಸಿ, ಕೆಲಸ ಮಾಡುವಾಗ ಇವರಿಗೆ ಇದೊಂದು ಕೆಟ್ಟ ಅಭ್ಯಾಸ ಎಂದಳು. ಆಮೇಲೆ ಅದನ್ನು ಮತ್ತೆ ಅಲ್ಲೇ ಸಿಕ್ಕಿಸಿಕೊಂಡು ಸೆರಗು ಎಳೆದುಕೊಂಡಳು. ಗುಡ್ಡಕ್ಕೆ ಕೊಟ್ಟು ಬರೋಣವೇ ಎಂದು ನಾನು ಕೈ ತೋರಿಸಿ ಕೇಳಿದೆ.

“ಮೊಳೆಗೆ ತೂಗುಹಾಕೋಕೆ ಇದಕ್ಕೆ ಕುಣಿಕೆ ಎಲ್ಲಿದೆ?” ಅಂದಳು. “ಸುಮ್ನಿರು.”

ಹಾಗೆ ಮೊಳೆ ಖಾಲಿಯೇ ಉಳಿಯಿತು. ಬಾವಿಕಟ್ಟೆಯಲ್ಲಿ ಯಾರಾದರೂ ನಿಮ್ಮವರು ಇನ್ನೂ ಬರಲಿಲ್ಲವೇ ಎಂದು ಚುಚ್ಚಿದರೆ ಅವಳು ಸೆರಗನ್ನು ಕಿವಿಯ ಮೇಲೆ ಸರಿಮಾಡಿಕೊಂಡು, ಇಲ್ಲವಲ್ಲ, ಏನು ಮಾಡುವುದು ಅನ್ನುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಇಬ್ಬರಿಗೂ ನಗು ಬರುತ್ತಿತ್ತು.

ಹೋದ ಚಳಿಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಕೊನೆಯ ದಿನ ಮನೆ ತುಂಬ ಜನ. ಅಮ್ಮ, ಸಾವಂತ್ರಮ್ಮ, ಸುಬೇದಾರರು, ಬಾಗಿಲಾಚೆ ಬೀದಿಯವರು. ಹತ್ತು ಜನರಿರುವ ಕಡೆ ನಾನು ಕಂಬದ ಹಿಂದೆ ನಿಲ್ಲುವವಳು. ಅವಳು ಅಷ್ಟು ಜನರ ನಡುವೆ ಕಣ್ಣಿನಲ್ಲಿ ನನ್ನನ್ನು ಹುಡುಕಿ, “ಬರ್ಲಾ?” ಅಂದಳು. ನಾನು ನನ್ನ ಎರಡೂ ಕೈಗಳ ಬಳೆಗಳನ್ನು ಸದ್ದಾಗದಂತೆ ಬಿಗಿಯಾಗಿ ಒತ್ತಿ ಹಿಡಿದುಕೊಂಡೆ. ಬೀದಿಯವರೆಗೆ ಕೇಳುವಂತೆ, “ಹೂಂ, ಬಾ ಸಣ್ಣಜ್ಜಿ” ಅಂದೆ. ಅವಳನ್ನು ಮೀಯಿಸುವಾಗ ಹೆಂಗಸರು ಕಿವಿಯ ಪೆನ್ಸಿಲ್ಲು ನೋಡಿ ಇದೇನು ಎಂದರು. ನಾನು, ಅದು ಅವಳದ್ದು, ಇರಲಿ ಎಂದೆ.

ಈಗಲೂ ಆಗಾಗ ಗುಡ್ಡ ಹತ್ತಿ ಬಂದವರ ಮನೆಗೆ ಹೋಗುತ್ತೇನೆ. ಮಂಚ ನಿಂತೇ ಇದೆ. ಅದರ ಮೇಲೆ ಖಾಲಿ ಮೊಳೆ ಇದೆ. ಸೆರಗಿನಿಂದ ತುಕ್ಕು ಒರೆಸುತ್ತೇನೆ. ಸುಬೇದಾರರು ನಿಮ್ಮ ಅಜ್ಜಿ ಏನಾದರೂ ಬಂದರೇ ಎಂದು ವಿಚಾರಿಸುತ್ತಾರೆ. ಇನ್ನೂ ಇಲ್ಲ ಅನ್ನುತ್ತೇನೆ. ಅವಳು ಏನಾಗಿ ಬರುತ್ತಾಳೋ ತಿಳಿಯದು. ಬತ್ತಿಯಾಗಿ ಬರಬಹುದು, ಹಸಿರು ಬಳೆಯಾಗಿ ಬರಬಹುದು, ಬರೀ ಒಂದು ನಗುವಾಗಿ ಬಂದು ಜಗಲಿಯಲ್ಲಿ ಕೂರಬಹುದು. ಅದಕ್ಕೇ ಬಾಗಿಲ ಬಳಿ ಸದ್ದಾದರೆ ನಾನು ಯಾರು ಎಂದು ಕೇಳುವುದಿಲ್ಲ. ಮೊದಲು ಗಟ್ಟಿಯಾಗಿ ಬನ್ನಿ ಅನ್ನುತ್ತೇನೆ, ಆಮೇಲೆ ಹೋಗಿ ನೋಡುತ್ತೇನೆ. ಸಾಮಾನ್ಯವಾಗಿ ಹಾಲಿನವಳು ಇರುತ್ತಾಳೆ.